ಜಾರುವುದಕ್ಕೆ ಜಪಾನಿಯಲ್ಲಿ ಏನಂತಾರೆ

ನನ್ನ ಕೈಲಿ ಆಗುವುದಿಲ್ಲ ಎಂದವನು ನನ್ನ ಸೋದರಮಾವ, ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ನೇಯುವವನು. ನಮ್ಮ ಮನೆತನದಲ್ಲಿ ಮೊದಲ ಬಿ.ಎ. ನನ್ನದು. ಅದು ಮುಗಿದ ಮೇಲೆ ನಾನು ಜಪಾನಿ ಭಾಷೆಯ ಸರ್ಟಿಫಿಕೇಟ್ ಕೋರ್ಸಿಗೆ ಸೇರಿದ್ದು ತಿಳಿದು ಚಳ್ಳಕೆರೆಗೆ ಬಂದೇಬಿಟ್ಟ.

“ಇಲ್ಲೇ ಪಕ್ಕದ ಕುದಾಪುರದ ಸೈಂಟಿಸ್ಟ್‌ಗಳಿಗೇ ಇಂಗ್ಲಿಷ್ ಸಾಕಾಗೈತೆ, ನಿಂಗ್ಯಾಕೆ ಜಪಾನು? ಬಿ.ಎ. ಇಂಗ್ಲಿಷೇ ಮೂರು ಸಲ ಕಟ್ಟಿದೋಳು. ಇದ್ರಾಗೂ ಜಾರಿ ಬೀಳ್ತೀಯ, ನೋಡ್ತಿರು.”

ಮೂರು ಸಲ ಕಟ್ಟಿದ್ದು ನಿಜ. ಮೂರನೇ ಸಲ ಪಾಸಾದದ್ದೂ ನಾನೇ.

ಕೋರ್ಸಿನ ಕೊನೆಗೆ ಯಾವುದಾದರೊಂದು ಆಟದ ಪದಗಳನ್ನು ಕನ್ನಡಕ್ಕೆ ತಂದು, ಮೇಡಂ ಎದುರು ವಿವರಿಸಬೇಕಿತ್ತು. ಅದರಲ್ಲಿ ಪಾಸಾದರಷ್ಟೇ ಸರ್ಟಿಫಿಕೇಟ್. ನಾನು ಎತ್ತಿದ ಚೀಟಿಯಲ್ಲಿ ಬಂದದ್ದು ಐಸ್ ಸ್ಕೇಟಿಂಗ್. ನಾನು ಕಂಡ ಅತಿ ದೊಡ್ಡ ಮಂಜುಗಡ್ಡೆ ಕಬ್ಬಿನಹಾಲಿನ ಗಾಡಿಯಲ್ಲಿ ಗೋಣಿಚೀಲ ಹೊದ್ದು ಮಲಗಿದ್ದದ್ದು.

ಆದರೂ ಹುಡುಕಿದೆ. ಸ್ಕೇಟಿಂಗ್ ಮಾಡುವವರ ಬೂಟಿಗೆ ಜರ್ಮನರು ‘ಜಾರುಬಂಡಿ ಬೂಟು’ ಅನ್ನುತ್ತಾರೆ, ರಷ್ಯದವರು ‘ಪುಟ್ಟ ಕುದುರೆಗಳು’. ಮಂಜಿನ ಅಂಗಳಕ್ಕೆ ಜಪಾನಿನವರ ಚಂದದ ಹೆಸರು ‘ಗಿನ್‌ಬಾನ್’, ಬೆಳ್ಳಿ ತಟ್ಟೆ.

“ಕಾಲಿಗೆ ಕುದುರೆ ಕಟ್ಕಂಡು ತಟ್ಟೆ ಮ್ಯಾಲೆ ಕುಣೀತಾರಾ? ಉಂಬೋದು ಎದ್ರಾಗೆ?” ಎಂದಳು ಅವ್ವ.

ಸ್ಕೇಟಿಂಗ್ ಮಾಡುವುದಕ್ಕೆ ಜಪಾನಿ ಪದ ‘ಸುಬೆರು’. ಜಾರು ಎಂದರ್ಥ. ಪರೀಕ್ಷೆಯಲ್ಲಿ ಫೇಲಾಗು ಎಂದೂ ಅರ್ಥ! ಅದಕ್ಕೇ ಪರೀಕ್ಷೆಗೆ ಓದುವವರ ಎದುರು ಅಲ್ಲಿ ಆ ಪದ ಎತ್ತುವುದಿಲ್ಲವಂತೆ. ಮಾವನ ಬಾಯಿ ನೆನಪಾಯಿತು. ಅವತ್ತೇ ಮನೆಯಲ್ಲಿ ‘ಜಾರು’ ಪದವನ್ನು ನಿಷೇಧಿಸಿದೆ.

ಕಷ್ಟವಾದದ್ದು ಅವ್ವನಿಗೆ. ಅವಳ ಕೆಲಸ ಎಣ್ಣೆ ಮಿಲ್ಲಿನಲ್ಲಿ. ಸಂಜೆ ತರುವ ಸುದ್ದಿಯೆಲ್ಲ ಯಾರು ಎಲ್ಲಿ ಜಾರಿದರು ಎಂಬುದೇ. “ಇವತ್ತು ಮೇಸ್ತ್ರಿ...” ಎಂದು ಶುರುಮಾಡಿ, ನನ್ನ ಮುಖ ನೋಡಿ, “...ತಾನಾಗೇ ನೆಲದ ಮ್ಯಾಲೆ ಕುಂತ್ಕಂಡ” ಎಂದು ಮುಗಿಸುವಳು.

ಇನ್ನೊಂದು ತೊಡಕಿತ್ತು. ಕಾಲು ತಪ್ಪಿ ಜಾರುವುದಕ್ಕೂ ಬೇಕೆಂದೇ ಜಾರುವುದಕ್ಕೂ ನನ್ನ ಬಳಿ ಒಂದೇ ಪದ. ಅವ್ವನನ್ನು ಕೇಳಿದೆ. ಸೀರೆ ಎತ್ತಿ ಕಟ್ಟಿ, ಅಡುಗೆಮನೆಯ ನೆಲದ ಮೇಲೆ ನಡೆದು ತೋರಿಸಿದಳು.

“ಎಣ್ಣೆ ನೆಲದಾಗೆ ಕಾಲೆತ್ತಿದ್ರೆ ಕೆಟ್ಟೆ. ಹಿಂಗೆ, ಪಾದ ನೆಲ ಬಿಡದಂಗೆ ತೇಲಿಸ್ಬೇಕು. ನಾವೇನು ಜಾರ್ತೀವಾ? ತೇಲಿಸ್ತೀವಿ ಕಣೇ.”

ಪರೀಕ್ಷೆಯ ದಿನ ಮೇಡಂ ಮೊದಲು ಕೇಳಿದ್ದೇ ‘ಸುಬೆರು’.

“ಬಿದ್ದರೆ ಜಾರುವುದು, ಬೀಳದಿದ್ದರೆ ತೇಲಿಸುವುದು” ಎಂದೆ.

“ಯಾವ ನಿಘಂಟಿನಲ್ಲಿದೆ?”

“ಎಣ್ಣೆ ಮಿಲ್ಲಿನಲ್ಲಿ, ಮೇಡಂ.”

ಅವರು ನಗುತ್ತಲೇ ಬರೆದುಕೊಂಡರು.

ಸರ್ಟಿಫಿಕೇಟ್ ಬಂದ ದಿನ ಮಾವ ನಮ್ಮೂರಲ್ಲೇ ಇದ್ದ. ಅವನನ್ನೂ ಎಳೆದುಕೊಂಡು ಮಿಲ್ಲಿನ ಗೇಟಿಗೆ ಹೋಗಿ ಅದನ್ನು ಅವ್ವನತ್ತ ಚಾಚಿದೆ. ಅವಳು ಮಿರಮಿರ ಮಿಂಚುವ ಎರಡೂ ಕೈ ಹಿಂದಕ್ಕೆ ಎಳೆದುಕೊಂಡಳು.

“ನನ್ ಕೈ ಎಣ್ಣೆ ಆಗೈತೆ. ಅಣ್ಣನ ಕೈಗೆ ಕೊಡು.”

ಕೊಟ್ಟೆ. ಮಾವ ಒಂದೇ ಕೈಯಲ್ಲಿ ಇಸಿದುಕೊಂಡ.

“ಎರಡೂ ಕೈಯಾಗೆ ಹಿಡ್ಕಳಣ್ಣಾ” ಎಂದಳು ಅವ್ವ. “ಜಾರ್ತಾಳೆ ಅಂದೋನು ನೀನೇ ಅಲ್ವಾ? ಈಗ ನೀನು ಜಾರಿಸ್ಬ್ಯಾಡ.”