ಸೀಟು ಹಿಡಿದ ನೂಲಿನ ಉಂಡೆ

ರಾಯಚೂರಿನ ನಮ್ಮ ಪಕ್ಕದ ಮನೆಯ ಚಾಚಿ ಬಸ್ಸಿನಲ್ಲೂ ಕ್ರೋಷಾ ಹೆಣೆಯುತ್ತಿದ್ದರು. ಕರೆದರೆ, "ತಡಿಯವ್ವಾ, ಇನ್ನೊಂದ ಸುತ್ತು" ಎನ್ನುವರು.

ಅಂದು ಸಂಜೆ ದೇವದುರ್ಗದಲ್ಲಿ ಅವರ ಮೊಮ್ಮಗಳಿಗೆ ಹೆಸರಿಡುವುದಿತ್ತು. ಮಗುವಿಗೆ ಹೊದಿಸುವ ಜಾಲರಿ ಶಾಲಿನ ಅಂಚಿಗೆ ನೂಲು ಸಾಲದೆ, ನೇರ ಬಸ್ಸು ಬಿಟ್ಟು, ಆ ಬಣ್ಣದ ನೂಲು ಸಿಗುವ ಮಾನ್ವಿ ಮೇಲೆ ಹೊರಟೆವು. ಮಾನ್ವಿಯಲ್ಲಿ ಬಸ್ಸು ಬದಲಿಸುವಾಗ ಎಲ್ಲರೂ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದರು. ಚಾಚಿ ಉಳಿದಿದ್ದ ನೂಲಿನ ಉಂಡೆಯನ್ನೇ ಎಸೆದು, ಬಣ್ಣ ಹೊಂದಿಸಲು, ಎಳೆ ಕತ್ತರಿಸದೆಯೇ ಶಾಲು ಹಿಡಿದು ಎದುರಿನ ಅಂಗಡಿಗೆ ನಡೆದರು.

ಬಸ್ಸು ಹೊರಟಿತು. ನನ್ನ ಪಕ್ಕದ ಸೀಟಿನಲ್ಲಿ ಉಂಡೆ ಕುಣಿಯತೊಡಗಿತು.

"ಹೋಲ್ಡಾನ್!" ಕಂಡಕ್ಟರ್ ಕೂಗಿದ. "ಯವ್ವ ಅಂಗಡ್ಯಾಗ ಅದಾಳ, ನೂಲು ಬಸ್ಸಿನಾಗ ಅದ!"

ಚಾಚಿ ಎಳೆ ಸುತ್ತಿಕೊಳ್ಳುತ್ತ ನಿಧಾನವಾಗಿ ಬಂದರು. "ಬಣ್ಣ ಸಿಕ್ತು ಯಪ್ಪಾ. ನನ್ನ ಜಾಗ ಅದ ಇಲ್ಲೋ?"

ದೇವದುರ್ಗ ಬಂದಾಗ ಚಾಚಿ ಇನ್ನೂ ಅಂಚು ಹೆಣೆಯುತ್ತಿದ್ದರು, ಉಂಡೆ ಕಂಡಕ್ಟರನ ಕೈಯಲ್ಲಿತ್ತು. ಇಳಿಯಲು ನುಗ್ಗಿದವರಿಗೆ ಅವನು ಅಡ್ಡ ನಿಂತು, "ತಡೀರಿ, ಇನ್ನೊಂದ ಸುತ್ತು" ಎಂದ.