ಮಹಡಿಯ ಹಳೇ ಪೆಟ್ಟಿಗೆ ಮತ್ತು ಟವರ್ ಮೇಡಂ

ಮೊನ್ನೆ ಅಂಗಡಿಯ ಫ್ರಿಜ್ಜಿನ ಹಿಂಬದಿ ಗುಡಿಸುವಾಗ ಕಾದ ಧೂಳಿನ ವಾಸನೆ ಮೂಗಿಗೆ ಬಡಿಯಿತು. ಮಹಡಿಯ ಹಳೇ ಪೆಟ್ಟಿಗೆಯದೂ ಇದೇ ವಾಸನೆ. ಥಟ್ಟನೆ ಟವರ್ ಮೇಡಂ ನೆನಪಾದರು...

ಶಿಕಾರಿಪುರದ ನನ್ನ ಕಟ್ಟಡದ ಮಹಡಿಯಲ್ಲಿ ಒಂದು ಫೋನ್ ಕಂಪನಿಯ ಟವರಿದೆ. ಸೊರಬದ ಕಡೆಯ ಕರೆಗಳೂ ಅಲ್ಲಿಯ ಬೀರುವಿನಂಥ ಪೆಟ್ಟಿಗೆಯಿಂದಲೇ ಹಾಯುತ್ತಿದ್ದವು. ಅದರ ಬದಲು ಸಣ್ಣದೊಂದು ಕಂಪ್ಯೂಟರ್ ಇಟ್ಟು, ಕೆಲಸವನ್ನೆಲ್ಲ ಸಾಫ್ಟ್‌ವೇರಿಗೆ ಒಪ್ಪಿಸಲು ಕಂಪನಿ ಈ ಇಂಜಿನಿಯರ್ ಹೆಣ್ಣುಮಗಳನ್ನು ಕಳಿಸಿತ್ತು. ಪೆಟ್ಟಿಗೆ ಚಿಕ್ಕದಾದರೆ ಬಾಡಿಗೆಯೂ ಚಿಕ್ಕದಾದೀತೆಂಬ ಗುಮಾನಿ ನನಗೆ. ಆಕೆ ಮಹಡಿ ಹತ್ತಿದಾಗಲೆಲ್ಲ ನಾನೂ ಹಿಂದೆಯೇ ಹತ್ತುತ್ತಿದ್ದೆ.

ಸೊರಬದ ಕಡೆಯ ಉಳವಿಯ ಕೆಲವೇ ಫೋನುಗಳನ್ನು ಜೋಡಿಸಿ ಮಾಡಿದ ಟ್ರಯಲ್ ಪಾಸಾಯಿತು. ಇನ್ನು ಎಲ್ಲರ ಫೋನೂ ಹೊಸದಕ್ಕೆ, ಅದೂ ಸಂತೆಯ ದಿನ. ಹಳೆಯದನ್ನು ಅಂದು ಬೆಳಿಗ್ಗೆಯೇ ಲಾರಿಗೆ ಹಾಕಬೇಕೆಂದು ಮೇಲಿನವರ ಅಪ್ಪಣೆ. ನಾನು ಕುರಿ ವ್ಯಾಪಾರದಿಂದ ಮೇಲೆ ಬಂದವನು, ಸುಮ್ಮನಿರಲಾಗಲಿಲ್ಲ.

“ಸಂತೆಗೆ ತರೋ ಮುಂಚೆ ಉಪ್ಪು ತಿನ್ಸಿ ನೀರು ಕುಡಿಸ್ತಾರ್ರೀ ಮೇಡಂ. ಆವಾಗ ಎಲ್ಲಾ ಕುರೀನೂ ದಪ್ಪಾನೇ.”

“ನೀವು ಹೆಂಗೆ ಕಂಡುಹಿಡೀತೀರಿ?”

“ಮನೇಲಿ ಕಟ್ಟಿ ನೋಡ್ತೀವ್ರೀ, ನೀರು ಇಳಿಯೋತನಕ. ಅಲ್ಲೀತನಕ ಹಳೇ ಕುರಿ ಕೊಡಲ್ಲ.”

ಆಕೆ ನಗಲಿಲ್ಲ. ಸಂತೆಯ ಗದ್ದಲವನ್ನು ಹೊಸದು ತಾಳೀತೋ ಇಲ್ಲವೋ ಎಂದು ತಮಗೂ ಅನುಮಾನ, ಮೇಲಿನವರು ಕೇಳುತ್ತಿಲ್ಲ ಎಂದರು. ಲಾರಿ ಒಳಗೆ ಬಾರದಂತೆ ಆ ಬೆಳಿಗ್ಗೆ ಗೇಟಿಗೆ ನನ್ನ ಗಾಡಿ ಅಡ್ಡ ನಿಲ್ಲಿಸಬೇಕಂತೆ. ನನ್ನ ಗುಮಾನಿ ಇನ್ನೂ ಬಲಿಯಿತು. ನಿಮಗೇನು ಲಾಭ ಎಂದು ಕೇಳಿದೆ.

“ಗೊತ್ತಾದ್ರೆ ನನ್ ಕೆಲ್ಸ ಹೋಗುತ್ತೆ. ಅದೇ ಲಾಭ ನೋಡ್ರಿ.”

ಲಾಭವಿಲ್ಲದೆ ಮಾತಾಡುವವರನ್ನು ನಾನು ನಂಬುವುದಿಲ್ಲ. ಆದರೂ ಗಾಡಿ ನಿಲ್ಲಿಸಿದೆ, ಕೀಲಿ ಸಿಗುತ್ತಿಲ್ಲವೆಂದೆ. ಲಾರಿ ಬರಿದೇ ಹೋಯಿತು. ಸಂತೆ ನೆರೆದು ಎಲ್ಲರೂ ಒಟ್ಟಿಗೆ ಫೋನ್ ಹಚ್ಚಿದರು ನೋಡಿ, ಹೊಸದು ಮಂಡಿಯೂರಿತು. ತೊಗರ್ಸಿಯ ಕುರಿಯವನೊಂದಿಗೆ ನಾನು ಫೋನಿನಲ್ಲಿ ಚೌಕಾಸಿ ಮಾಡುತ್ತಿದ್ದಾಗಲೇ ಮಾತು ಕಡಿಯಿತು. ಮೇಡಂ ಕರೆಗಳನ್ನೆಲ್ಲ ಹಳೇ ಪೆಟ್ಟಿಗೆಗೆ ತಿರುಗಿಸಿದರು. ನನ್ನ ಚಹಾ ಮುಗಿಯುವ ಮೊದಲೇ ತೊಗರ್ಸಿಯವನು ಬಿಟ್ಟಲ್ಲಿಂದಲೇ ಜಗಳ ತೆಗೆದ. ಊರವರು ಟವರ್ ಸಿಗಲಿಲ್ಲವೆಂದು ಬೈದು ಮರೆತರು.

ಕಂಪನಿ ಮರೆಯಲಿಲ್ಲ. ಲಾರಿ ಬರಿದೇ ಹೋದದ್ದರ ವಿಚಾರಣೆ ನಡೆದು ಆಕೆ ಕೆಲಸ ಬಿಟ್ಟರು. ಬಿಟ್ಟರೋ, ಬಿಡಿಸಿದರೋ... ಸಾಫ್ಟ್‌ವೇರಿನ ದೋಷ ಸರಿಹೋಗಿ ಹೊಸದು ನೆಲೆ ನಿಂತ ಮೇಲೆ ಹಳೇ ಪೆಟ್ಟಿಗೆಯೂ ಹೋಯಿತು.

ಕುರಿ ಕೊಳ್ಳುವವರಿಗೆ ಈಗಲೂ ಹೇಳುತ್ತೇನೆ: ಹೊಸದರ ನೀರು ಇಳಿಯುವವರೆಗೆ ಹಳೆಯದರ ಹಗ್ಗ ಬಿಡಬೇಡಿ. ಇದನ್ನು ನನ್ನಿಂದ ಕೇಳಿ ಅದರಂತೆ ನಡೆದವರು ಆಕೆಯೊಬ್ಬರೇ. ಅದಕ್ಕೆ ತೆತ್ತದ್ದೂ ಅವರೇ.

ಇಂದು ಉಳವಿಯಿಂದ ಯಾರೇ ಮಾತಾಡಿದರೂ ಪಕ್ಕದಲ್ಲೇ ಕೂತಂತೆ ಕೇಳುತ್ತದೆ. ಮೇಡಂ ನಂಬರ್ ಮಾತ್ರ ಚಾಲ್ತಿಯಲ್ಲಿಲ್ಲವಂತೆ. ಹಾಗೆನ್ನುವ ಆ ಧ್ವನಿಯನ್ನು ನಾನು ಪೂರ್ತಿ ನಂಬಿಲ್ಲ. ಆಗಾಗ ಮತ್ತೆ ಒತ್ತಿ ನೋಡುತ್ತೇನೆ...