ಎರಡನೆಯ ಎಂಜಿನ್

ಪುಣೆಯ ಶಿವಾಜಿನಗರದಲ್ಲಿ ಮೋಟಾರು ಗ್ಯಾರೇಜು ಇಟ್ಟುಕೊಂಡಿದ್ದ ಗೂಳಪ್ಪ ಅಂಬಿಗೇರನ ಬಗ್ಗೆ ಅವನ ಹೆಂಡತಿ ಪಾರವ್ವ ನೆರೆಹೊರೆಯ ಮುಂದೆ ಒಂದು ಮಾತು ಹೇಳುತ್ತಿದ್ದಳು: “ನಮ್ಮನಿಯಾಂವ ಸ್ವರ್ಗಕ್ಕ ಹೋದ್ರೂ ಅಲ್ಲಿ ಬಾಗಲಾ ಎರಡ ಅದಾವೋ ಇಲ್ಲೋ ನೋಡೇ ಒಳಗ ಕಾಲಿಡಾಂವ.”

ಅದರಲ್ಲಿ ಉತ್ಪ್ರೇಕ್ಷೆ ಕಡಿಮೆಯೇ ಇತ್ತು. ಮನೆಗೆ ಎರಡು ಬೀಗ, ಸೈಕಲ್ಲಿಗೆ ಎರಡು ದೀಪ, ಅಂಗಿಯ ಗುಂಡಿಗೆ ಎರಡೆಳೆ ದಾರ. ಬಾವಿಗೆ ಕೊಡ ಇಳಿಬಿಟ್ಟರೂ ಜೊತೆಗೊಂದು ತೆಳು ಹಗ್ಗ ಇರಲೇಬೇಕು. ನಗುವವರು ನಗುತ್ತಿದ್ದರು. ಆದರೆ ಕಾರಣ ಪಾರವ್ವನಿಗೆ ಗೊತ್ತಿತ್ತು. ಗೂಳಪ್ಪನ ಅಪ್ಪ ಮಲಪ್ರಭೆಯಲ್ಲಿ ಹರಿಗೋಲು ಹಾಕುತ್ತಿದ್ದವನು. ದಂಡೆಯಿಂದ ದಂಡೆಗೆ ಕಟ್ಟಿದ್ದ ಹಗ್ಗ ಒಂದು ಮುಂಗಾರಿನಲ್ಲಿ ಪಟ್ಟೆಂದು ಹರಿದು, ಹರಿಗೋಲು ಬುಗುರಿಯಂತೆ ತಿರುಗುತ್ತ ಕೆಂಪು ನೀರಿನಲ್ಲಿ ಕಾಣೆಯಾಯಿತು. ಬುತ್ತಿಗಂಟು ಹಿಡಿದು ದಂಡೆಯ ಮೇಲೆ ನಿಂತಿದ್ದ ಮಗ ಕೂಗಲೂ ಇಲ್ಲ. ಹಗ್ಗ ಇನ್ನೊಂದು ಇದ್ದಿದ್ದರೆ, ಅನ್ನುವುದೊಂದೇ ಅವನ ತಲೆಯಲ್ಲಿ ಉಳಿದು ಹೋಯಿತು.

ನೀರಿನ ಸಹವಾಸ ಬೇಡವೆಂದು ಪುಣೆಗೆ ಬಂದ. ಯುದ್ಧದ ವರ್ಷಗಳಲ್ಲಿ ದೇಹೂ ರೋಡಿನ ಕಡೆ ದಂಡಿನವರ ಲಾರಿಗಳನ್ನು ರಿಪೇರಿ ಮಾಡುತ್ತ ಎಂಜಿನ್ನಿನ ಕೆಲಸ ಕಲಿತ. ಯುದ್ಧ ಮುಗಿದ ಮೇಲೆ ಸ್ವಂತ ಗ್ಯಾರೇಜು, ಹಳೆಯದೊಂದು ಲಾರಿ. ಇನ್ನು ಹೊಳೆಯ ಕಡೆ ಮುಖ ಹಾಕುವ ಪ್ರಮೇಯವಿಲ್ಲ ಎಂದುಕೊಂಡಿದ್ದ.

ಆದರೆ ಡಾಕ್ಟರ್ ಬಿಂದುಮಾಧವರು ಅವನ ಗಿರಾಕಿ. ಧಾರವಾಡದವರು, ಗ್ಯಾರೇಜಿನ ಹತ್ತಿರವೇ ಅವರ ದವಾಖಾನೆ. ರವಿವಾರ ಬಂತೆಂದರೆ ನರ್ಸ್ ರಂಗೂಬಾಯಿಯನ್ನು ಕರೆದುಕೊಂಡು ಖಡಕವಾಸಲಾದ ಅಣೆಕಟ್ಟೆಯ ಕೆರೆಯ ಆಚೆ ದಂಡೆಯ ಹಳ್ಳಿಗಳಿಗೆ ಹೋಗಿ ಔಷಧ ಕೊಟ್ಟು ಬರುತ್ತಿದ್ದರು. ಬೇಸಿಗೆಯಲ್ಲಿ ಹೇಗೋ ನಡೆಯುತ್ತಿತ್ತು. ಮಳೆಗಾಲದಲ್ಲಿ ಸುತ್ತು ಹಾದಿ ಕೆಸರಾಗಿ ಮುಚ್ಚುತ್ತಿತ್ತು, ಊರ ನಾವೆಯವನು ಗಾಳಿಗೆ ಹೆದರಿ ನಾವೆ ಬಿಡುತ್ತಿರಲಿಲ್ಲ. ಹೆರಿಗೆಯ ಹೆಂಗಸರು ಆಚೆ ದಂಡೆಯಲ್ಲೇ ಉಳಿದುಬಿಡುತ್ತಿದ್ದರು.

ದಂಡಿನವರು ಬೇಡವಾದ ಸಾಮಾನು ಹರಾಜು ಹಾಕಿದಾಗ ಡಾಕ್ಟರರು ಗಾಳಿ ತುಂಬುವ ರಬ್ಬರ್ ದೋಣಿಯೊಂದನ್ನು ಹಿಡಿದರು. ಜೊತೆಗೆ, ದೋಣಿಯ ಬೆನ್ನಿಗೆ ತೂಗುಹಾಕುವ ಎಂಜಿನ್ ಎರಡು. ಗೂಳಪ್ಪನ ಲಾರಿಯಲ್ಲೇ ಅವು ಬಂದವು. ಚಾಪೆಯಂತೆ ಸುತ್ತಿಟ್ಟಿದ್ದ ರಬ್ಬರು ಗಾಳಿ ಕುಡಿದು ಎಮ್ಮೆಯಂತೆ ಉಬ್ಬಿ ಎದ್ದುನಿಂತಾಗ ಗೂಳಪ್ಪನ ಬಾಯಿ ತೆರೆದದ್ದು ತೆರೆದಂತೆಯೇ ಉಳಿಯಿತು. ಅಪ್ಪನನ್ನು ಕಳೆದುಕೊಂಡ ಮೇಲೆ ಅವನು ಮುಟ್ಟಿದ ಮೊದಲ ದೋಣಿ ಅದು.

“ಒಂದು ಎಂಜಿನ್ ಹಾಕೂಣು ಗೂಳಪ್ಪ,” ಎಂದರು ಡಾಕ್ಟರರು. “ಇನ್ನೊಂದು ನಿನ್ನ ಶೆಡ್ಡಿನಾಗ ಇರ್ಲಿ. ಇದು ಕೆಟ್ಟಾಗ ಅದು.”

ಗೂಳಪ್ಪನಿಗೆ ದಿಗಿಲಾಯಿತು. ಓದಿದ ಮನುಷ್ಯ ಇಂಥ ಮಾತಾಡುವುದೇ?

“ಶೆಡ್ಡಿನಾಗೇನ್ರಿ? ನಡುನೀರಾಗ ಎಂಜಿನ್ ಬಂದ್ ಬಿದ್ರ ಶೆಡ್ಡಿಗೆ ಈಜಿಕೋತ ಹೋಗಿ ತರೂದೇನ್ರಿ?”

ಡಾಕ್ಟರರು ನಕ್ಕರೂ ಬಿಡಲಿಲ್ಲ. ದೋಣಿಯ ಹಿಂಬದಿಯ ಹಲಗೆಯನ್ನು ತಟ್ಟಿ ತೋರಿಸಿದರು. “ಈ ಹಲಗಿ ನೋಡು. ರಬ್ಬರಿಗೆ ಅಂಟಿಸಿದ್ದು, ಮೊಳೆ ಹೊಡದದ್ದಲ್ಲ. ಒಂದು ಎಂಜಿನ್ನಿಗೆ ಮಾಡಿದ್ಹಂಗ ಕಾಣಸ್ತದ. ಎರಡು ಹೇರಿದ್ರ ಬಾಲ ಮುಳುಗಿ ಮೂತಿ ಮ್ಯಾಲೇಳ್ತದ. ಪೆಟ್ರೋಲ್ ಬ್ಯಾರೆ ಸಿಗವಲ್ದು.”

ರಂಗೂಬಾಯಿಯ ಚಿಂತೆ ಬೇರೆ. ಬೆಳಗಾವಿಯ ಕಡೆಯ ವಿಧವೆ. ಮಾತು ಕಡಿಮೆ, ಕೈ ಚುರುಕು. “ಎಂಜಿನ್ ಎರಡು, ಪೆಟ್ರೋಲ್ ಡಬ್ಬಿ ಎರಡು ಕುಂತ ಮ್ಯಾಲೆ ನೋವು ತಿನ್ನಾಕಿ ಎಲ್ಲಿ ಕುಂದ್ರಬೇಕು?” ಎಂದಳು.

“ಕುಂದರಾಕ ಜಾಗಾ ಕಮ್ಮಿ ಆದ್ರ ಆಗ್ಲಿ,” ಎಂದ ಗೂಳಪ್ಪ. “ದಂಡಿ ಮುಟ್ಟೂದು ಮುಖ್ಯರಿ ಬಾಯಾರ. ಒಂದs ಎಂಜಿನ್ ಇದ್ದ ದೋಣಿ ನಾ ನಡಸೂದಿಲ್ಲ.”

ಅವನನ್ನು ಬಿಟ್ಟರೆ ನಡೆಸುವವರು ಯಾರೂ ಇರಲಿಲ್ಲ. ಡಾಕ್ಟರರು ಕೈಚೆಲ್ಲಿದರು. ಗೂಳಪ್ಪ ಹಲಗೆಯ ಅಂಚಿಗೆ ಮತ್ತೊಂದು ಪದರ ಅಂಟು ಮೆತ್ತಿ ಎರಡೂ ಎಂಜಿನ್ನುಗಳನ್ನು ಬಿಗಿದ. ಅಷ್ಟಕ್ಕೂ ಸಮಾಧಾನವಾಗದೆ, ಸ್ಕ್ರೂ ಸಡಿಲಾಗಿ ಎಂಜಿನ್ ನೀರಿಗೆ ಬಿದ್ದರೆ ಕಳೆದುಹೋಗಬಾರದೆಂದು ಎರಡಕ್ಕೂ ಸೇರಿಸಿ ಒಂದು ಗಟ್ಟಿ ಸೆಣಬಿನ ಹಗ್ಗ ಸುತ್ತಿ, ಅದರ ತುದಿಯನ್ನು ದೋಣಿಯ ಬದಿಯ ಕಬ್ಬಿಣದ ಬಳೆಗೆ ಕಟ್ಟಿದ.

ಬೇಸಿಗೆಯಲ್ಲಿ ಒಮ್ಮೆ, ಸರಿಯಾಗಿ ನಡುಕೆರೆಯಲ್ಲಿ, ಎಡಗಡೆಯ ಎಂಜಿನ್ ಕೆಮ್ಮಿ ಸತ್ತಿತು. ಗೂಳಪ್ಪ ಬಲಗಡೆಯದರ ಮೇಲೆ ದೋಣಿಯನ್ನು ದಂಡೆಗೆ ತಂದ. “ನೀನ ಗೆದ್ದಿ ಮಾರಾಯಾ,” ಎಂದು ಡಾಕ್ಟರರು ಕೈಮುಗಿದರು. ಆ ಸಂಜೆ ಗೂಳಪ್ಪ ಪಾರವ್ವನಿಗೆ ಆ ಕಥೆಯನ್ನು ಎರಡು ಸಲ ಹೇಳಿದ. ಹಿಂದಿನಿಂದ ನೀರು ಆಗಾಗ ಒಳಗೆ ನುಗ್ಗುತ್ತದೆ, ಹಲಗೆ ಕಿರ್ರೆನ್ನುತ್ತದೆ ಎಂಬುದನ್ನು ಹೇಳಲಿಲ್ಲ. ಮರ ಎಂದಮೇಲೆ ಕಿರ್ರೆನ್ನುತ್ತದೆ ಎಂದುಕೊಂಡ.

ಆಷಾಢ ಬಂತು. ಕೆರೆ ತುಂಬಿತು. ಒಂದು ರವಿವಾರ ಮಧ್ಯಾಹ್ನ, ದೋಣಿ ಬಿಡಲು ಕೆರೆಗೆ ಬಂದಾಗ, ಆಚೆ ದಂಡೆಯಲ್ಲಿ ಕೋಲಿಗೆ ಕಟ್ಟಿದ ಬಿಳಿ ಬಟ್ಟೆ ಕಾಣಿಸಿತು. ಹೆರಿಗೆ ಕಷ್ಟವಾಗಿದೆ ಎಂಬುದಕ್ಕೆ ಅದು ಗುರುತು. ಡಾಕ್ಟರರು ಆ ದಿನ ಪೇಟೆಯಲ್ಲೇ ಉಳಿದಿದ್ದರು. ಗೂಳಪ್ಪ, ರಂಗೂಬಾಯಿ ಇಬ್ಬರೇ ದೋಣಿ ಬಿಟ್ಟುಕೊಂಡು ಹೋದರು. ಹೊರೆ ಹೊತ್ತಂತೆ ಬಾಗಿ ನಡೆಯುತ್ತ ಬಂದವಳ ಹೆಸರು ಗೋದಾ. ಮೊದಲ ಬಸಿರು, ನೋವು ಶುರುವಾಗಿ ಬಹಳ ಹೊತ್ತಾಗಿತ್ತು, ಕೂಸು ಅಡ್ಡ ನಿಂತಿತ್ತು. ಗಂಡ ಶ್ಯಾಮ ಅವಳನ್ನು ಎತ್ತಿ ದೋಣಿಯಲ್ಲಿ ಕೂರಿಸಿ ತಾನೂ ಹತ್ತಿದ.

“ಲಗೂನ ನಡೀರಿ,” ಎಂದಳು ರಂಗೂಬಾಯಿ. ಅವಳ ದನಿಯಲ್ಲಿ ಅವಸರ ಕೇಳಿದ್ದು ಗೂಳಪ್ಪನಿಗೆ ಅದೇ ಮೊದಲು.

ಗಾಳಿ ಅಡ್ಡಕ್ಕೆ ಬೀಸುತ್ತಿತ್ತು. ಅಲೆ ಎದ್ದು ಮೂತಿಗೆ ಬಡಿಯುತ್ತಿತ್ತು. ಗೂಳಪ್ಪ ಎರಡೂ ಎಂಜಿನ್ನುಗಳ ವೇಗದ ಕಿವಿ ಪೂರ್ತಿ ತಿರುವಿದ. ದೋಣಿ ನೆಗೆಯಿತು. ಎರಡು ಇದ್ದದ್ದು ಎಷ್ಟು ಒಳ್ಳೆಯದಾಯಿತು ಎಂದು ಅವನು ಅಂದುಕೊಳ್ಳುತ್ತಿರುವಾಗಲೇ ಬೆನ್ನ ಹಿಂದೆ ಸದ್ದಾಯಿತು. ದೊಡ್ಡ ಸದ್ದಲ್ಲ. ಅಂಗಡಿಯಲ್ಲಿ ಬಟ್ಟೆ ಅಳೆದು ಹರಿದರೆ ಆಗುತ್ತದಲ್ಲ, ಅಂಥದ್ದು.

ತಿರುಗಿ ನೋಡಿದ. ಹಲಗೆ ಇರಲಿಲ್ಲ. ಎಂಜಿನ್ನುಗಳಿರಲಿಲ್ಲ. ಅವು ಇದ್ದ ಜಾಗದಲ್ಲಿ ಕೆರೆ ಇತ್ತು.

ಎಂಜಿನ್ನಿನ ಗದ್ದಲ ಒಮ್ಮೆಗೇ ನಿಂತಿತ್ತು. ಹಲಗೆ ಹೋಗುವಾಗ ರಬ್ಬರನ್ನೂ ಕಿತ್ತುಕೊಂಡು ಹೋಗಿತ್ತು. ಹಿಂಬದಿಯ ಗಾಳಿಚೀಲಗಳು ಬುಸುಗುಡುತ್ತ ಕುಗ್ಗುತ್ತಿದ್ದವು. ಆಮೇಲೆ ಹಗ್ಗ ಬಿಗಿಯಿತು. ಕಳೆದುಹೋಗಬಾರದೆಂದು ಅವನೇ ಕಟ್ಟಿದ್ದ ಹಗ್ಗ. ನೀರೊಳಗೆ ತೂಗುತ್ತಿದ್ದ ಎರಡೂ ಎಂಜಿನ್ನುಗಳ ಭಾರ ಅದನ್ನು ಹಿಡಿದು ದೋಣಿಯ ಬಾಲವನ್ನು ಕೆಳಕ್ಕೆ ಜಗ್ಗಿತು. ಮೂತಿ ಮೇಲೆದ್ದಿತು. ಗೋದಾ ಚೀರುತ್ತ ಹಿಂದಕ್ಕೆ ಜಾರಿದಳು. ಶ್ಯಾಮ ಅವಳ ರಟ್ಟೆ ಹಿಡಿದ.

ಗೂಳಪ್ಪ ಅಲ್ಲಾಡಲಿಲ್ಲ. ಸೊಂಟದವರೆಗೆ ನೀರು ಬಂದಿತ್ತು. ಹಗ್ಗ ಅವನ ಕೈಗೆ ಎಟಕುವಷ್ಟು ಹತ್ತಿರ, ವೀಣೆಯ ತಂತಿಯಂತೆ ಸೆಟೆದು ನಡುಗುತ್ತಿತ್ತು. ಅದನ್ನೇ ನೋಡುತ್ತ ಕುಳಿತಿದ್ದ. ಬಿಚ್ಚಬೇಕು ಎಂಬುದು ಹೊಳೆಯಲೇ ಇಲ್ಲ. ಹಗ್ಗ ಹರಿದರೆ ಸಾವು ಎಂದು ಒಂದು ಜನ್ಮವಿಡೀ ನಂಬಿದವನ ಕಣ್ಣೆದುರಿಗೆ, ಹರಿಯದ ಹಗ್ಗವೊಂದು ನಾಲ್ವರನ್ನು ಕೆಳಗೆ ಎಳೆಯುತ್ತಿತ್ತು.

“ಗೂಳಪ್ಪಾ! ಕಡಿ ಅದನ್ನ! ಕಡೀ ಅಂತೀನಿ!”

ರಂಗೂಬಾಯಿ ಕೂಗಿದಳು. ಅವನ ಕಿವಿಗೆ ಬಿತ್ತು, ಕೈಗೆ ಇಳಿಯಲಿಲ್ಲ. ಅವಳು ಹೆರಿಗೆಯ ಚೀಲಕ್ಕೆ ಕೈಹಾಕಿ ಹೊಕ್ಕುಳಬಳ್ಳಿ ಕತ್ತರಿಸುವ ಕತ್ತರಿ ತೆಗೆದಳು. ಅವನ ಮೈಮೇಲೆಯೇ ಬೋರಲಾಗಿ ಬಿದ್ದು, ನೀರೊಳಗೆ ಮುಖ ಅದ್ದಿ, ಸೆಣಬನ್ನು ಎಳೆಎಳೆಯಾಗಿ ಕತ್ತರಿಸಿದಳು. ಕೊನೆಯ ಎಳೆ ತಾನಾಗಿ ಸಿಡಿಯಿತು. ದೋಣಿಯ ಮೂತಿ ಧಪ್ಪೆಂದು ನೀರಿಗೆ ಬಡಿಯಿತು.

“ಎಲ್ಲಾರೂ ಮುಂದ ಬರ್ರಿ!” ಮೊದಲು ಕನ್ನಡದಲ್ಲಿ, ಮತ್ತೆ ಮರಾಠಿಯಲ್ಲಿ ಕೂಗಿದಳು. ಮುಂಬದಿಯ ಚೀಲಗಳಲ್ಲಿ ಗಾಳಿ ಉಳಿದಿತ್ತು. ಗೋದಾಳನ್ನು ಅವುಗಳ ಮೇಲೆ ಮಲಗಿಸಿ ಉಳಿದವರು ಸುತ್ತ ಜೋತುಬಿದ್ದರು. ಶ್ಯಾಮ ಒಂದು ಹುಟ್ಟು ಹಿಡಿದು ನೀರು ತಳ್ಳಿದ. ಗಾಳಿ ಅವರನ್ನು ಅಡ್ಡಕ್ಕೆ ನೂಕಿಕೊಂಡು ಹೋಗಿ ಅಣೆಕಟ್ಟೆಯ ಕಡೆಯ ದಂಡೆಗೆ ಎಸೆಯಿತು. ಆ ಹೊತ್ತೆಲ್ಲ ಗೂಳಪ್ಪ ಹೇಗೆ ಹಿಡಿದುಕೊಂಡಿದ್ದ, ಯಾವಾಗ ಕಾಲಿಗೆ ನೆಲ ಸಿಕ್ಕಿತು, ಅವನಿಗೆ ಕೊನೆಯವರೆಗೂ ನೆನಪಾಗಲಿಲ್ಲ.

ಪೇಟೆಗೆ ಹೋಗುವಷ್ಟು ವ್ಯವಧಾನ ಇರಲಿಲ್ಲ. ಕಟ್ಟೆಯ ಕಾವಲುಗಾರ ತನ್ನ ಕೋಣೆ ಬಿಟ್ಟುಕೊಟ್ಟ. ಗೂಳಪ್ಪ ಹೊರಗೆ ಜಗಲಿಯ ಮೇಲೆ ಒದ್ದೆ ಬಟ್ಟೆಯಲ್ಲೇ ಕುಳಿತಿದ್ದ. ಒಳಗಿನ ಪ್ರತಿ ನರಳಾಟಕ್ಕೂ ಅವನ ಹಲ್ಲು ಕಟಕಟಿಸುತ್ತಿತ್ತು. ದೋಣಿಯ ಜಗ್ಗಾಟದಲ್ಲಿಯೋ ಜಾರಿದಾಗಲೋ ಕೂಸು ಹೊರಳಿ ಸರಿಯಾಗಿತ್ತಂತೆ. ರಂಗೂಬಾಯಿಗೂ ಅದು ಹೇಗೆಂದು ತಿಳಿಯಲಿಲ್ಲ. ಹೆಣ್ಣು ಕೂಸು ಅತ್ತಾಗ ಶ್ಯಾಮ ಹೊರಗೆ ಓಡಿಬಂದು ಗೂಳಪ್ಪನ ಕಾಲು ಹಿಡಿದುಕೊಂಡ.

ಗೂಳಪ್ಪ ಬೆಂಕಿ ತಗುಲಿದವನಂತೆ ಕಾಲು ಎಳೆದುಕೊಂಡ.

ಬಾಣಂತಿಯನ್ನೂ ಕೂಸನ್ನೂ ಮರುದಿನ ಪೇಟೆಯ ದವಾಖಾನೆಗೆ ಸೇರಿಸಿದರು. ಮುಂದೆ ನಡೆದದ್ದು ಗೂಳಪ್ಪನನ್ನು ಇನ್ನಷ್ಟು ಕಂಗೆಡಿಸಿತು. ಬೈಯುವವರು ಯಾರೂ ಇಲ್ಲ. ಆಚೆ ದಂಡೆಯವರೆಲ್ಲ ಅವನನ್ನು ಹೊಗಳುವವರೇ. ಎರಡು ಎಂಜಿನ್ ಇದ್ದದ್ದಕ್ಕೆ ಅಷ್ಟು ದೂರ ಬಂದು ಮುಟ್ಟಿದರು, ಒಂದಿದ್ದರೆ ನಡುಕೆರೆಯಲ್ಲೇ ಗತಿ ಕಾಣುತ್ತಿದ್ದರು ಎಂದು ಮಾತು ಹಬ್ಬಿತು. ಗ್ಯಾರೇಜಿಗೆ ಬಂದವರೂ ಅದನ್ನೇ ಹೇಳಿದರು. ಗೂಳಪ್ಪ ಎದ್ದು ಶೆಡ್ಡಿನೊಳಗೆ ಹೋಗಿಬಿಡುತ್ತಿದ್ದ. ಮನೆಯಲ್ಲಿ ರೊಟ್ಟಿ ಮುರಿದು ಕೈಯಲ್ಲಿ ಹಿಡಿದು ಹಾಗೇ ಕುಳಿತುಬಿಡುತ್ತಿದ್ದ. ಪಾರವ್ವ ಹೊರಗೆ ಹೋಗುವಾಗ ಒಂದೇ ಬೀಗ ಹಾಕಿ ನೋಡಿದಳು. ಅವನು ಗಮನಿಸಲೂ ಇಲ್ಲ. ಆಗ ಅವಳಿಗೆ ನಿಜವಾಗಿ ಭಯವಾಯಿತು, ಡಾಕ್ಟರರನ್ನು ಕರೆತಂದಳು.

ಡಾಕ್ಟರರ ಮುಖ ನೋಡಿದ್ದೇ ಗೂಳಪ್ಪ ಬಾಯಿ ಬಿಟ್ಟ. “ನೀವು ಹೇಳಿದ್ರಿ. ಹಲಗಿ ಒಂದಕ್ಕ ಮಾಡಿದ್ದು ಅಂತ ಹೇಳಿದ್ರಿ. ನಾ ಕೇಳ್ಲಿಲ್ಲ. ಹಲಗಿ ಕಿರ್ರ್ ಅಂತಿತ್ತು, ಅದನ್ನೂ ಕೇಳ್ಲಿಲ್ಲ. ಹಗ್ಗ ನಾನs ಕಟ್ಟಿದ್ದೆ ಸಾಹೇಬ್ರ. ಅಲ್ಲೇ ಕುಂತಿದ್ದೆ. ಕೈ ಏಳ್ಲಿಲ್ಲರಿ.”

“ನಾ ಹೇಳಿದ್ದೆ, ಖರೆ,” ಎಂದರು ಡಾಕ್ಟರರು. “ಆಮ್ಯಾಲೆ ನೀನ ಗೆದ್ದಿ ಅಂತ ಕೈ ಮುಗಿದಾಂವನೂ ನಾನ. ಕೈ ಏಳದ್ದು ತಪ್ಪಲ್ಲೋ, ಅದು ಆಘಾತ. ಎಂಥೆಂಥಾ ಸಿಪಾಯಿಗಳಿಗೂ ಆಗ್ತದ.” ಮತ್ತೆ ಕೇಳಿದರು: “ಗೋದಾ ಪೇಟೆಯ ದವಾಖಾನಿಯಿಂದ ಊರಿಗೆ ಹೋಗಬೇಕಂತಾಳ. ದೋಣಿ ರಿಪೇರಿ ಆಗ್ತದೇನು?”

ಮರುದಿನ ಗೂಳಪ್ಪ ಲಾರಿ ತೆಗೆದುಕೊಂಡು ಕೆರೆಗೆ ಹೋಗಿ, ಸೊಟ್ಟಗೆ ಬಿದ್ದಿದ್ದ ರಬ್ಬರನ್ನು ಹೇರಿಕೊಂಡು ಬಂದ. ಹರಿದ ಕಡೆ ತೇಪೆ ಹಾಕಿದ. ಹೊಸ ಹಲಗೆಗೆ ಅಂಟಿನ ಜೊತೆಗೆ ಪಕ್ಕದ ಚೀಲಗಳವರೆಗೆ ಹಾಯುವ ಅಗಲ ಪಟ್ಟಿ ಕೊಟ್ಟ. ಡಾಕ್ಟರರು ಎಲ್ಲಿಂದಲೋ ಒಂದು ಸಣ್ಣ ಎಂಜಿನ್ ತಂದರು. ಒಂದೇ ಒಂದು. ಅದನ್ನು ಬಿಗಿಯುವಾಗ ಗೂಳಪ್ಪನ ಕಣ್ಣು ತಾನಾಗಿ ಪಕ್ಕದ ಖಾಲಿ ಜಾಗಕ್ಕೆ ಹೋಗಿ ನಿಲ್ಲುತ್ತಿತ್ತು. ಎಂಜಿನ್ ನಿಂತರೆ ಬೇಕಾಗುತ್ತದೆಂದು ದೋಣಿಯ ಎರಡೂ ಬದಿಗೆ ಉದ್ದನೆಯ ಹುಟ್ಟು ಇಟ್ಟ. ಹಗ್ಗ ಕಟ್ಟಲಿಲ್ಲ.

ಮಳೆ ಬಿಟ್ಟ ಒಂದು ಬೆಳಿಗ್ಗೆ ಗೋದಾ ಕೂಸನ್ನೆತ್ತಿಕೊಂಡು ಕೆರೆಯ ದಂಡೆಗೆ ಬಂದಳು. ಜೊತೆಗೆ ರಂಗೂಬಾಯಿ. ಗೂಳಪ್ಪ ದೋಣಿಯ ಪಕ್ಕದಲ್ಲಿ ಮೊಣಕಾಲು ನೀರಿನಲ್ಲಿ ನಿಂತಿದ್ದ. ಅವಳು ದೋಣಿ ನೋಡಿ ಹಿಂದೆ ಸರಿಯುತ್ತಾಳೆ, ಸರಿದರೆ ತಾನೂ ಹೋಗುವುದು ತಪ್ಪುತ್ತದೆ ಎಂದು ಒಳಗೊಳಗೇ ಬಯಸುತ್ತಿದ್ದ. ಅವಳು ಸೀರೆಯ ಅಂಚು ಎತ್ತಿ ಸೀದಾ ಹತ್ತಿ ಕುಳಿತುಬಿಟ್ಟಳು.

ಗೂಳಪ್ಪ ತಬ್ಬಿಬ್ಬಾದ. “ನಿಂಗ ಅಂಜಿಕಿ ಆಗೂದಿಲ್ಲೇನವ್ವಾ?” ಎಂದು ಮರಾಠಿಯಲ್ಲಿ ಕೇಳಿದ.

“ಆಗುತ್ತದಲ್ಲ,” ಎಂದಳು ಅವಳೂ ಮರಾಠಿಯಲ್ಲಿ, ಕೂಸಿನ ಮುಖಕ್ಕೆ ಬಿಸಿಲು ಬೀಳದಂತೆ ಸೆರಗು ಸರಿಮಾಡುತ್ತ. “ಆದರೆ ನನ್ನ ಮನೆ ಆ ಕಡೆ ಇದೆ. ಹಾರಿಕೊಂಡು ಹೋಗಲೇ?”

ಎಂಜಿನ್ ಚಾಲೂ ಮಾಡಲು ಗೂಳಪ್ಪ ಹಗ್ಗ ಜಗ್ಗಿದ. ಮೊದಲ ಸಲ ಹತ್ತಲಿಲ್ಲ, ಎರಡನೆಯ ಸಲವೂ ಹತ್ತಲಿಲ್ಲ. ರಂಗೂಬಾಯಿ ಅವನ ಕಡೆ ನೋಡದೆ ನೀರಿನ ಕಡೆ ನೋಡುತ್ತ ಕುಳಿತಿದ್ದಳು. ಕೊನೆಗೆ ಎಂಜಿನ್ ಗೊಗ್ಗರು ದನಿಯಲ್ಲಿ ಎದ್ದಿತು. ಅವನು ಕಿವಿ ಅರ್ಧ ಮಾತ್ರ ತಿರುವಿದ. ದೋಣಿ ಮೆಲ್ಲಗೆ ಹೋಯಿತು. ದಾರಿಯುದ್ದಕ್ಕೂ ಅವನ ಎಡಗೈ ಹಲಗೆಯ ಮೇಲೇ ಇತ್ತು.

ಆಚೆ ದಂಡೆಯಲ್ಲಿ ಗೋದಾಳ ಅತ್ತೆ ಕೂಸನ್ನು ಇಸಿದುಕೊಂಡು, ಇಷ್ಟು ತಡವೇಕೆ, ದನಗಳಿಗೆ ನೀರು ಕುಡಿಸಿಲ್ಲ ಎಂದು ಸೊಸೆಯನ್ನು ಗದರಿಸುತ್ತ ಮುಂದೆ ನಡೆದಳು. ಗೋದಾ ತಿರುಗಿ ನಿಂತು ಕೇಳಿದಳು: “ಕೆಳಗೇರಿಯ ಮುದುಕನಿಗೆ ಜ್ವರ ಇಳಿದಿಲ್ಲವಂತೆ. ರವಿವಾರ ಬರುತ್ತೀರಲ್ಲ?”

ಗೂಳಪ್ಪ ರಂಗೂಬಾಯಿಯ ಮುಖ ನೋಡಿದ.

“ಬರ್ತೇವಿ,” ಎಂದ. ತನ್ನ ದನಿ ಕೇಳಿ ತಾನೇ ಬೆಚ್ಚಿದ.